ಪೇಠೆಯ ಮಾತು: ಎರಡೂ ಅಂಗಡಿಗೆ ಒಂದೇ ನಂಬರು

ಸೋಲಾಪುರದ ವಾಚಕರೊಬ್ಬರು ಪತ್ರ ಬರೆದು ಒಂದು ಪ್ರಶ್ನೆ ಕೇಳಿದ್ದಾರೆ. ಅವರದೂ ಅವರ ಬೀಗರದೂ ಬೇರೆ ಬೇರೆ ಊರಿನಲ್ಲಿದ್ದ ಎರಡು ಅಡತಿ ಅಂಗಡಿಗಳು ಈ ವರ್ಷ ಕೂಡಿ ಒಂದೇ ಫರ್ಮ್ ಆಗಿವೆಯಂತೆ. "ಪಾಲುದಾರಿಕೆ ಪತ್ರ ಆಯಿತು, ಬ್ಯಾಂಕಿನ ಖಾತೆ ಆಯಿತು, ಬೋರ್ಡೂ ಬರೆಸಿದೆವು. ಎರಡೂ ಕಡೆಯ ಕಂಪ್ಯೂಟರುಗಳನ್ನು ಕೂಡಿಸುವುದೊಂದು ಉಳಿದಿದೆ. ವಾಯರಿನ ಕೆಲಸ ತಾನೆ, ಎರಡು ದಿನದಲ್ಲಿ ಮುಗಿಯುತ್ತದಲ್ಲವೆ?" ಎಂದು ಅವರ ಪ್ರಶ್ನೆ.

ವಾಯರಿನ ಕೆಲಸ ಎರಡು ದಿನದಲ್ಲಿಯೇ ಮುಗಿಯುತ್ತದೆ. ನಮ್ಮ ಮನೆಯಲ್ಲಿಯೂ ಅಷ್ಟೇ ದಿನ ಹಿಡಿಯಿತು. ಆದರೆ ಅದಕ್ಕೆ ಮೊದಲು ಮೂರು ತಿಂಗಳು, ಅದರ ನಂತರ ನಾಲ್ಕು ತಿಂಗಳು ಹಿಡಿದ ಕೆಲಸ ಬೇರೆಯೇ ಇತ್ತು. ಆ ಏಳು ತಿಂಗಳ ಸಂಗತಿಯನ್ನು ಈ ಸಲ ಬರೆಯುತ್ತಿದ್ದೇವೆ. ಮನೆಯ ಮಾತನ್ನು ಪೇಠೆಗೆ ತರಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆದರೆ ಈ ವಿಷಯದಲ್ಲಿ ಮನೆ ಯಾವುದು, ಪೇಠೆ ಯಾವುದು ಎಂದು ಬಿಡಿಸಿ ಬರೆಯಲು ನಮಗೆ ಆಗಲಿಲ್ಲ.

ಜತ್ತದ ಪೇಠೆಯಲ್ಲಿ ಅಂಗಡಿ ಹಾಕಿದವರು ನಮ್ಮ ಅಜ್ಜನವರು. 1994ರಲ್ಲಿ ನಮ್ಮ ತೀರ್ಥರೂಪರೂ ಕಾಕಾ ಅವರೂ ಬೇರೆಯಾದರು. ಜಗಳವಾಗಿ ಬೇರೆಯಾದರೆಂದು ಯಾರೂ ಹೇಳಲಿಲ್ಲ. ಜಗಳವಿಲ್ಲದೆ ಬೇರೆಯಾದರೆಂದೂ ಯಾರೂ ಹೇಳಲಿಲ್ಲ. ಜತ್ತದ ಅಂಗಡಿ ತೀರ್ಥರೂಪರ ಪಾಲಿಗೆ ಬಂದಿತು. ಕಾಕಾ ಬಿಜಾಪುರಕ್ಕೆ ಹೋಗಿ ಅಲ್ಲಿಯ ಎಪಿಎಂಸಿಯಲ್ಲಿ ಅಂಗಡಿ ಹಾಕಿದರು. (2014ರಿಂದ ಊರಿಗೆ ವಿಜಯಪುರವೆಂದು ಹೆಸರಾಗಿದೆ. ನಮ್ಮ ಬಾಯಲ್ಲಿ ಇನ್ನೂ ಬಿಜಾಪುರವೇ.) ಇಬ್ಬರೂ ಅಜ್ಜನ ಹೆಸರನ್ನೇ ಬೋರ್ಡಿನ ಮೇಲೆ ಇಟ್ಟುಕೊಂಡರು, ಬಿಟ್ಟುಕೊಡಲು ಇಬ್ಬರಿಗೂ ಮನಸ್ಸಿರಲಿಲ್ಲ. ಮುಂದೆ ಎರಡೂ ಮನೆಗಳಲ್ಲಿ ಒಬ್ಬೊಬ್ಬ ಹುಡುಗನಿಗೆ ಅದೇ ಹೆಸರು. ಲಗ್ನಕಾರ್ಯಗಳಲ್ಲಿ ಎಲ್ಲರೂ ಸೇರಿದಾಗ ಒಬ್ಬನನ್ನು ಕರೆದರೆ ಇಬ್ಬರೂ ಓಡಿ ಬರುತ್ತಿದ್ದರು. "ಜತ್ತದವ", "ಬಿಜಾಪುರದವ" ಎಂದು ಕರೆಯುವ ರೂಢಿ ಹಾಗೆ ಬಿದ್ದಿತು.

2023ರ ಏಪ್ರಿಲ್ 1ರಿಂದ ಎರಡೂ ಅಂಗಡಿ ಮತ್ತೆ ಒಂದಾದವು. ಕಾರಣ ದೊಡ್ಡದೇನಲ್ಲ. ಮಣೂಕದ ದೊಡ್ಡ ಖರೀದಿದಾರರು ದೊಡ್ಡ ಲಾಟು ಕೇಳುತ್ತಾರೆ. ಎರಡು ಸಣ್ಣ ಅಂಗಡಿಗಳು ಒಂದೇ ಗಿರಾಕಿಗೆ ಒಂದರ ಮೇಲೊಂದು ದರ ಇಳಿಸಿ ಕೊಡುತ್ತಿದ್ದವು. ಕಾಕಾ ಅವರ ಮಗ ಅಂಗಡಿಗೆ ಒಬ್ಬನೇ. ನಮ್ಮ ಮಗ ಪುಣೆಯ ನೌಕರಿ ಬಿಟ್ಟು ಬರುವವನಲ್ಲ.

ಫರ್ಮ್ ಒಂದಾದರೂ ಸರಕಾರದ ಲೆಕ್ಕದಲ್ಲಿ ನಾವು ಎರಡೇ. ಜಿಎಸ್‌ಟಿ ನೋಂದಣಿಯನ್ನು ಆಯಾ ರಾಜ್ಯದಲ್ಲಿ ಬೇರೆ ಬೇರೆಯಾಗಿ ಮಾಡಬೇಕು. ಮಹಾರಾಷ್ಟ್ರದ ನಂಬರು 27ರಿಂದ ಆರಂಭವಾದರೆ ಕರ್ನಾಟಕದ್ದು 29ರಿಂದ. ಜತ್ತದ ನಮ್ಮ ಗೋದಾಮಿನಿಂದ ಬಿಜಾಪುರದ ನಮ್ಮದೇ ಗೋದಾಮಿಗೆ ಮಾಲು ಹೋದರೂ ಬಿಲ್ಲು ಮಾಡಬೇಕು, ತೆರಿಗೆ ಹಚ್ಚಬೇಕು, ಐವತ್ತು ಸಾವಿರ ರೂಪಾಯಿ ದಾಟಿದರೆ ಇ-ವೇ ಬಿಲ್ಲನ್ನೂ ತೆಗೆಯಬೇಕು. ಆದ್ದರಿಂದ ಅಲ್ಲಿಯ ಸ್ಟಾಕು ಇಲ್ಲಿ, ಇಲ್ಲಿಯದು ಅಲ್ಲಿ ಆ ಕ್ಷಣಕ್ಕೆ ಕಾಣಬೇಕಾಯಿತು. ಮೊದಲು ಎರಡು ತಿಂಗಳು ಫೋನಿನ ಮೇಲೆಯೇ ನಡೆಸಿದೆವು. ಒಂದೇ ಲಾಟನ್ನು ಎರಡೂ ಕಡೆ ಮಾರಿದ ಪ್ರಸಂಗ ಎರಡು ಸಲ ಆದ ಮೇಲೆ ಕಂಪ್ಯೂಟರುಗಳನ್ನು ಕೂಡಿಸಲೇಬೇಕೆಂದು ನಿಶ್ಚಯವಾಯಿತು.

ನಮ್ಮ ಅಕ್ಕನ ಮಗ ಪುಣೆಯಲ್ಲಿ ಇದೇ ಕೆಲಸ ಮಾಡುತ್ತಾನೆ. ಅವನನ್ನು ಕರೆಸಿದೆವು. ಬಂದವನು ಚಹಾ ಕುಡಿಯುವುದಕ್ಕೂ ಮುಂಚೆ ಕೇಳಿದ ಮೊದಲ ಪ್ರಶ್ನೆ: "ಮಾಮಾ, ಲೆಕ್ಕದ ಕಂಪ್ಯೂಟರಿನ ಐಪಿ ನಂಬರ್ ಎಷ್ಟು?" ನೋಡಿ ಹೇಳಿದೆವು: 192.168.1.10. ಅವನು ಬಿಜಾಪುರಕ್ಕೆ ಫೋನು ಮಾಡಿ ಅಲ್ಲಿಯದನ್ನೂ ಕೇಳಿದ. 192.168.1.10. ಅವನು ಜೋರಾಗಿ ನಕ್ಕುಬಿಟ್ಟ. ನಮಗೆ ನಗುವಂಥದ್ದೇನೂ ಕಾಣಲಿಲ್ಲ.

ಸಂಗತಿ ಹೀಗಿದೆ. ಜಾಲದಲ್ಲಿ ಇರುವ ಪ್ರತಿಯೊಂದು ಯಂತ್ರಕ್ಕೂ ಒಂದು ವಿಳಾಸದ ನಂಬರು ಬೇಕು. ಆರಂಭದಲ್ಲಿ ರೂಪಿಸಿದ ಪದ್ಧತಿಯಲ್ಲಿ ಇಡೀ ಜಗತ್ತಿಗೆ ಇದ್ದದ್ದು ಸುಮಾರು 429 ಕೋಟಿ ನಂಬರುಗಳು. ಅವು ಸಾಲುವುದಿಲ್ಲವೆಂದು ಬೇಗನೆ ತಿಳಿದುಬಂದಿತು. 1996ರ ಫೆಬ್ರುವರಿಯಲ್ಲಿ ಇಂಟರ್ನೆಟ್ಟಿನ ನಿಯಮಗಳನ್ನು ರೂಪಿಸುವ ಇಂಜಿನಿಯರುಗಳು ಆರ್‌ಎಫ್‌ಸಿ 1918 ಎಂಬ ಒಂದು ಪತ್ರ ಪ್ರಕಟಿಸಿದರು. ಮೂರು ಗುಂಪಿನ ನಂಬರುಗಳನ್ನು ಅವರು ಬೇರೆ ತೆಗೆದಿಟ್ಟರು: 10ರಿಂದ ಆರಂಭವಾಗುವವು, 172.16ರಿಂದ 172.31ರ ವರೆಗಿನವು, 192.168ರಿಂದ ಆರಂಭವಾಗುವವು. ಇವನ್ನು ಯಾರು ಬೇಕಾದರೂ ತಮ್ಮ ಮನೆಯೊಳಗೆ, ಕಚೇರಿಯೊಳಗೆ ಕೇಳದೆ ಬಳಸಬಹುದು; ಹೊಸ್ತಿಲ ಹೊರಗೆ ಮಾತ್ರ ಇವುಗಳಿಗೆ ಬೆಲೆಯಿಲ್ಲ. ಮನೆಯೊಳಗೆ ಮಗುವನ್ನು "ಚಿನ್ನೂ" ಎಂದು ಕರೆಯುವ ಹಾಗೆ. ಊರಲ್ಲಿ ಎಷ್ಟು ಮನೆಯಲ್ಲಿ ಚಿನ್ನೂ ಇದ್ದರೂ ತೊಂದರೆಯಿಲ್ಲ, ಎರಡು ಮನೆ ಕೂಡಿ ಒಂದೇ ಮನೆ ಆಗುವ ತನಕ.

ಪೇಟಿಯಲ್ಲಿ ಬರುವ ಎಷ್ಟೋ ರೌಟರುಗಳಿಗೆ ಕಾರಖಾನೆಯಲ್ಲಿಯೇ 192.168.1 ಅಥವಾ 192.168.0 ಎಂಬ ನಂಬರು ಕೊಟ್ಟಿರುತ್ತಾರೆ. ಹಚ್ಚಲು ಬಂದ ಹುಡುಗ ಅದನ್ನು ಹಾಗೆಯೇ ಬಿಟ್ಟು ಹೋಗುತ್ತಾನೆ. ನಿಮ್ಮ ಅಂಗಡಿಯಲ್ಲಿಯೂ ಬಹುಮಟ್ಟಿಗೆ ಅದೇ ಇರುತ್ತದೆ, ಸೋಲಾಪುರದವರ ಬೀಗರ ಅಂಗಡಿಯಲ್ಲಿಯೂ. ಹೀಗಿರುವಾಗ ಎರಡನ್ನು ಕೂಡಿಸಿದರೆ, ಬಿಜಾಪುರದ ಯಂತ್ರವು 192.168.1.10ಕ್ಕೆ ಎಂದು ಕಳಿಸಿದ ಕಾಗದ ಬಾಗಿಲು ದಾಟಿ ಹೊರಗೇ ಹೋಗುವುದಿಲ್ಲ. ಆ ನಂಬರು ತನ್ನ ಮನೆಯಲ್ಲಿಯೇ ಇದೆಯೆಂದು ಅಲ್ಲಿಯೇ ಸುತ್ತಾಡುತ್ತದೆ. ವಿಶೇಷವೆಂದರೆ 1996ರ ಆ ಪತ್ರದಲ್ಲಿಯೇ ಈ ಎಚ್ಚರಿಕೆ ಇದೆ: ಹೀಗೆ ನಂಬರು ಇಟ್ಟುಕೊಂಡ ಎರಡು ಸಂಸ್ಥೆಗಳು ಮುಂದೆ ಕೂಡಬೇಕಾದರೆ ವಿಳಾಸಗಳು ಒಂದಕ್ಕೊಂದು ಹಾಯಬಹುದು, ಅದಕ್ಕಾಗಿ ಗುಂಪಿನೊಳಗಿಂದ ಮನಬಂದ ನಂಬರನ್ನು ಆರಿಸಿಕೊಳ್ಳಿರಿ ಎಂದು. ಅದನ್ನು ಓದಿ ರೌಟರು ಹಚ್ಚಿದವರು ನಮ್ಮ ಕಡೆ ಯಾರೂ ಇರಲಿಕ್ಕಿಲ್ಲ.

ಅಂದಮೇಲೆ ಒಬ್ಬರು ನಂಬರು ಬದಲಿಸಬೇಕು. ಯಾರು?

ತೀರ್ಥರೂಪರು ಕೂಡಲೆ ಹೇಳಿದರು: "ಅಂಗಡಿ ಮೊದಲ ಹಾಕಿದ್ದು ಇಲ್ಲಿ. ನಂಬರ್ ಅವರು ಬದಲಿ ಮಾಡ್ಲಿ." ಈ ಮಾತು ಬಿಜಾಪುರಕ್ಕೆ ತಲುಪಲು ಅರ್ಧ ತಾಸು ಹಿಡಿಯಲಿಲ್ಲ. ಕಾಕಾ ಫೋನಿನಲ್ಲಿ ಹೇಳಿದ್ದನ್ನು ಹಾಗೆಯೇ ಬರೆಯುತ್ತೇವೆ: "ಮೂವತ್ತು ವರ್ಷದ ಹಿಂದ ಊರು ಬದಲಿ ಮಾಡಿದವ ನಾನ. ಈಗ ನಂಬರೂ ನಾನ ಬದಲಿ ಮಾಡಬೇಕೇನು?"

ಎಂಬತ್ತು ದಾಟಿದ ತೀರ್ಥರೂಪರಿಗಾಗಲಿ ಅವರಿಗಿಂತ ನಾಲ್ಕು ವರ್ಷ ಚಿಕ್ಕವರಾದ ಕಾಕಾ ಅವರಿಗಾಗಲಿ ಐಪಿ ನಂಬರು ಎಂದರೇನೆಂದು ಗೊತ್ತಿರಲಿಲ್ಲ. ಆದರೆ ಬಿಟ್ಟುಕೊಡುವವರು ಯಾರು ಎಂಬುದು ಇಬ್ಬರಿಗೂ ಚೆನ್ನಾಗಿ ತಿಳಿದಿತ್ತು. ಮೂರು ವಾರ ಕೆಲಸ ನಿಂತಿತು. ಅಳಿಯ ಪುಣೆಗೆ ಹೋಗಿ ಮರಳಿ ಬಂದ. ಕೊನೆಗೆ ಅವನೇ ತೀರ್ಥರೂಪರ ಮುಂದೆ ಕುಳಿತು, "ಅಜ್ಜಾ, ಇಬ್ಬರೂ ಬದಲಿ ಮಾಡ್ರಿ. ಯಾರದೂ ಹಳೇದು ಬ್ಯಾಡ," ಎಂದ. ಇದು ಹಿರಿಯರನ್ನು ಸಮಾಧಾನಪಡಿಸಲು ಹೇಳಿದ ಮಾತೆಂದು ನಾವು ತಿಳಿದಿದ್ದೆವು. ತಾಂತ್ರಿಕವಾಗಿಯೂ ಅದೇ ಸರಿಯಂತೆ. ಒಂದೇ ಕಡೆ ಬದಲಿಸಿದರೆ ಇವತ್ತಿನ ಕೆಲಸ ಆಗುತ್ತದೆ. ಆದರೆ ನಾಳೆ ಮನೆಯಿಂದಲೋ ಮೂರನೆಯ ಊರಿನಿಂದಲೋ ಅಂಗಡಿಯ ಲೆಕ್ಕ ನೋಡಹೋದರೆ ಅಲ್ಲಿಯ ರೌಟರಿನಲ್ಲಿಯೂ ಅದೇ 192.168.1 ಇದ್ದು ಮತ್ತೆ ಅದೇ ಗೋಳು.

10ರ ಗುಂಪಿನಲ್ಲಿ ನಂಬರುಗಳು ಒಂದು ಕೋಟಿ ಅರವತ್ತೇಳು ಲಕ್ಷಕ್ಕೂ ಹೆಚ್ಚು. ಅದರಲ್ಲಿ ಯಾವುದು? ಸೊನ್ನೆಯಿಂದ ಒಂಬತ್ತರ ತನಕ ಚೀಟಿ ಬರೆದು ಹಿತ್ತಾಳೆ ತಾಟಿನಲ್ಲಿ ಹಾಕಿ ಮೊಮ್ಮಗಳಿಂದ ಎರಡು ಚೀಟಿ ಎತ್ತಿಸಿದೆವು. ಎಂಟು, ಮೂರು. 10.83 ಎಂದಾಯಿತು. ಇನ್ನು ಮೂರನೆಯ ಅಂಕಿ. ಅಳಿಯ ವಿಚಾರಿಸದೆ ಕಾಗದದ ಮೇಲೆ ಜತ್ತಕ್ಕೆ 1, ಬಿಜಾಪುರಕ್ಕೆ 2 ಎಂದು ಬರೆದುಬಿಟ್ಟಿದ್ದ. ಅದನ್ನು ನೋಡಿದ ನಮಗೆ ಎದೆ ಝಲ್ಲೆಂದಿತು. ಎರಡೆಂದು ಕರೆಸಿಕೊಳ್ಳಲು ಕಾಕಾ ಒಪ್ಪುವರೆ? ಆ ಕಾಗದವನ್ನು ಅಲ್ಲಿಯೇ ಹರಿದು, ಜಿಎಸ್‌ಟಿಯ ರಾಜ್ಯ ಸಂಖ್ಯೆಯನ್ನೇ ಇಡೋಣವೆಂದೆವು. ಜತ್ತ 10.83.27, ಬಿಜಾಪುರ 10.83.29. ಸರಕಾರ ಕೊಟ್ಟ ನಂಬರಿಗೆ ಯಾರೂ ತಕರಾರು ಮಾಡಲಿಲ್ಲ. ದಿವಾಣಜಿಯವರಿಗೂ ನೆನಪಿಡಲು ಸುಲಭವಾಯಿತು.

ನಂಬರು ಬದಲಿಸುವುದೆಂದರೆ ಕಂಪ್ಯೂಟರಿನದಷ್ಟೇ ಎಂದು ತಿಳಿಯಬೇಡಿ. ಬಿಜಾಪುರದಲ್ಲಿ ಐದು ಯಂತ್ರಗಳಿವೆಯೆಂದು ತಮ್ಮ ಬರೆದು ಕಳಿಸಿದ್ದ. ಅಳಿಯ ಕೋಣೆ ಕೋಣೆ ತಿರುಗಿ ನೋಡಿದಾಗ ಇಪ್ಪತ್ಮೂರು ಸಿಕ್ಕವು: ಪ್ರಿಂಟರು, ಕ್ಯಾಮೆರಾಗಳು, ಅವುಗಳ ರೆಕಾರ್ಡರು, ಹಮಾಲರ ಹಾಜರಿಯ ಬೆರಳಚ್ಚು ಯಂತ್ರ, ಮೇಲ್ಮಾಳಿಗೆಯ ಟಿವಿ. ಅಷ್ಟು ನೋಡಿಯೂ ಒಂದು ತಪ್ಪಿಹೋಯಿತು. ಎಲೆಕ್ಟ್ರಾನಿಕ್ ತಕ್ಕಡಿ ತೂಕವನ್ನು ಕಂಪ್ಯೂಟರಿಗೆ ಕಳಿಸುತ್ತಿತ್ತು. ಅದರೊಳಗೆ ಹಳೆಯ ನಂಬರು ಕೂತಿತ್ತು. ಮರುದಿನ ಮುಂಜಾನೆ ಮಾಲು ಬಂದಾಗ ತೂಕವೆಲ್ಲ ಇಲ್ಲದ ವಿಳಾಸಕ್ಕೆ ಹೋಗುತ್ತಲಿತ್ತು. ಮಧ್ಯಾಹ್ನದ ತನಕ ತೂಕಪಟ್ಟಿಯನ್ನು ಕೈಯಿಂದ ಬರೆದರು. ಹಳೆಯ ಹಮಾಲರೊಬ್ಬರು, "ಹಿಂಗ ಬರದ್ರ ಚಲೋ ಕಾಣ್ತದ ನೋಡ್ರಿ," ಎಂದರಂತೆ. ಆದ್ದರಿಂದ ಪಟ್ಟಿಯನ್ನು ಕುಳಿತು ಬರೆಯಬೇಡಿ, ನಡೆದು ಬರೆಯಿರಿ. ಪೇಠೆಗೆ ರಜೆ ಇರುವ ದಿನವೇ ಬದಲಿಸಿರಿ.

ಇನ್ನು ಎರಡೂರನ್ನು ಜೋಡಿಸುವ ಮಾತು. ಹಿಂದೆ ಜತ್ತದಿಂದ ಬಿಜಾಪುರಕ್ಕೆ ಕಾಗದಪತ್ರ ಕಳಿಸುವುದಿದ್ದರೆ ಚೀಲಕ್ಕೆ ಅರಗಿನ ಮುದ್ರೆ ಒತ್ತಿ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕೊಡುತ್ತಿದ್ದೆವು. ಬಸ್ಸು ಎಲ್ಲರದು, ಚೀಲ ನಮ್ಮದು. ವಿಪಿಎನ್ ಎಂಬುದೂ ಅದೇ. ಎರಡೂ ಕಡೆಯ ರೌಟರುಗಳು ತಮ್ಮಲ್ಲಿಯೇ ಒಂದು ಗುಪ್ತ ಕೀಲಿ ಇಟ್ಟುಕೊಂಡು, ಸಾರ್ವಜನಿಕ ಇಂಟರ್ನೆಟ್ಟಿನ ಮೇಲೆಯೇ ಮುದ್ರೆಯೊತ್ತಿದ ಚೀಲಗಳನ್ನು ಕಳಿಸುತ್ತವೆ. ಎರಡು ಊರುಗಳ ನಡುವೆ ಸ್ವಂತ ಲೀಸ್ಡ್ ಲೈನು ಹಾಕಿಸುವ ಖರ್ಚು ನಮ್ಮಂಥವರಿಗೆ ಬೇಕಿಲ್ಲ. ಆದರೆ ಕನಿಷ್ಠ ಒಂದು ಕಡೆಗಾದರೂ ಬದಲಾಗದ ಹೊರವಿಳಾಸ, ಅಂದರೆ ಸ್ಟ್ಯಾಟಿಕ್ ಐಪಿ, ಇದ್ದರೆ ಒಳ್ಳೆಯದು. ಬಹಳಷ್ಟು ಬ್ರಾಡ್‌ಬ್ಯಾಂಡ್ ಮತ್ತು ಮೊಬೈಲ್ ಸಂಪರ್ಕಗಳಲ್ಲಿ ಕಂಪನಿಯವರು ನೂರಾರು ಗಿರಾಕಿಗಳನ್ನು ಒಂದೇ ಹೊರವಿಳಾಸದ ಹಿಂದೆ ಕೂಡಿಸಿರುತ್ತಾರೆ; ಹೊರಗಿನಿಂದ ಯಾರೂ ನಿಮ್ಮ ಬಾಗಿಲು ತಟ್ಟಲಾಗುವುದಿಲ್ಲ. ಗುರುತು ಹಿಡಿಯುವ ಸುಲಭ ಉಪಾಯ: ರೌಟರಿನ ಹೊರಬದಿಯ ನಂಬರು 100.64ರಿಂದ 100.127ರ ಒಳಗೆ ಆರಂಭವಾಗಿದ್ದರೆ ನೀವೂ ಆ ಸಾಲಿನಲ್ಲಿ ಇದ್ದೀರಿ. 2012ರಲ್ಲಿ ಇದಕ್ಕಾಗಿಯೇ ಆ ನಂಬರುಗಳನ್ನು ಕಾದಿರಿಸಿದ್ದಾರೆ. ನಾವು ಜತ್ತದಲ್ಲಿ ಸ್ಟ್ಯಾಟಿಕ್ ಐಪಿ ತೆಗೆದುಕೊಂಡೆವು. ಬಿಜಾಪುರದ ರೌಟರು ಬಂದು ಈ ಬಾಗಿಲು ತಟ್ಟುತ್ತದೆ.

ತಟ್ಟಿತು, ತೆರೆಯಿತು, ಎಲ್ಲರೂ ಪೇಢೆ ತಿಂದೆವು. ಮರುದಿನ ಬಿಜಾಪುರದ ದಿವಾಣಜಿ ಒಬ್ಬ ಪಾರ್ಟಿಯ ಖಾತೆ ತೆರೆಯಲು ಗುಂಡಿ ಒತ್ತಿ ಚಹಾ ಕುಡಿದು ಬಂದರೂ ತೆರೆದಿರಲಿಲ್ಲ. ಲೈನು ಸಣ್ಣದಿದೆಯೆಂದು ಕಂಪನಿಗೆ ಹೆಚ್ಚು ದುಡ್ಡು ಕೊಟ್ಟು 50 ಎಂಬಿಪಿಎಸ್ ಇದ್ದದ್ದನ್ನು 200 ಮಾಡಿಸಿದೆವು. ಏನೂ ಬದಲಾಗಲಿಲ್ಲ. ಈ ಹಣ ವ್ಯರ್ಥ ಹೋಯಿತೆಂದು ಈಗಲೂ ನಮಗೆ ಖೇದವಿದೆ; ವಾಚಕರು ಉಳಿಸಿಕೊಳ್ಳಲೆಂದು ಕಾರಣ ಬರೆಯುತ್ತೇವೆ. ರಸ್ತೆ ಅಗಲವಾಯಿತು, ದೂರ ಕಡಿಮೆಯಾಗಲಿಲ್ಲ. ಎರಡೂ ಕಡೆ ಬೇರೆ ಬೇರೆ ಕಂಪನಿಯ ಲೈನುಗಳು. ಅವು ಒಂದಕ್ಕೊಂದು ಕೂಡುವುದು ಯಾವುದೋ ದೊಡ್ಡ ಶಹರದಲ್ಲಿ. ಅಂಗಡಿಯೊಳಗೆ ಒಂದು ಯಂತ್ರ ಇನ್ನೊಂದನ್ನು ಕೇಳಿ ಉತ್ತರ ಪಡೆಯಲು ಸೆಕೆಂಡಿನ ಸಾವಿರದಲ್ಲೊಂದು ಪಾಲೂ ಬೇಡ. ಎರಡೂರ ನಡುವೆ ನಮಗೆ ಅಂಥ 40 ಪಾಲು ಹಿಡಿಯುತ್ತಿತ್ತು. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆಯೇ ಸರಿ. ಆದರೆ ಲೆಕ್ಕದ ಸಾಫ್ಟ್‌ವೇರ್ ಒಂದು ಖಾತೆ ತೆರೆಯಲು ಕಡತದಿಂದ ಒಂದೊಂದೇ ತುಣುಕು ಕೇಳುತ್ತದೆ. ಒಂದೂವರೆ ಸಾವಿರ ಸಲ ಕೇಳಿದರೆ ಒಂದು ನಿಮಿಷ ಹೋಯಿತು. ಬಿಲ್ಲಿನ ಒಂದೊಂದು ಸಾಲಿಗೂ ಬೇರೆ ಫೋನು ಮಾಡಿ ಕೇಳುವವನ ಹಾಗೆ.

ಇದಕ್ಕಿಂತ ಕೆಟ್ಟದ್ದೂ ಆಯಿತು. ಒಂದು ದಿನ ನಮೂದು ಬರೆಯುತ್ತಿರುವಾಗಲೇ ಲೈನು ಹೋಗಿ ಲೆಕ್ಕದ ಕಡತ ಕೆಟ್ಟಿತು. ಸೂರ್ಯಾಸ್ತಕ್ಕೆ ಮುಂಚೆ ಊಟ ಆಗಬೇಕಾದ್ದರಿಂದ ನಾವು ಸಂಜೆ ಬೇಗ ಅಂಗಡಿ ಮುಚ್ಚುವವರು. ಮುಚ್ಚುವ ಮುಂಚೆ ಪ್ರತಿದಿನ ಲೆಕ್ಕದ ಒಂದು ನಕಲನ್ನು ಬೇರೆ ಡಿಸ್ಕಿಗೆ ಇಳಿಸಿ ಮನೆಗೆ ಒಯ್ಯುವ ರೂಢಿ ಇತ್ತು. ಅದರಿಂದ ಅರ್ಧ ದಿನದ ಬರಹವಷ್ಟೇ ಹೋಯಿತು. ನಕಲು ಇದೆಯೆಂದು ನಂಬಿ ಕೂಡಬೇಡಿ. ತಿಂಗಳಿಗೊಮ್ಮೆ ಅದನ್ನು ತೆರೆದು ನೋಡಿರಿ.

ಆಮೇಲೆ ಪದ್ಧತಿ ಬದಲಿಸಿದೆವು. ಲೆಕ್ಕವೆಲ್ಲ ಜತ್ತದ ಯಂತ್ರದ ಮೇಲೆಯೇ ನಡೆಯುತ್ತದೆ. ಬಿಜಾಪುರದವರು ಅದರ ಪರದೆಯನ್ನು ತಮ್ಮ ಯಂತ್ರದಲ್ಲಿ ನೋಡುತ್ತ ಕೀಲಿ ಒತ್ತುತ್ತಾರೆ. ದಾರಿಯ ಮೇಲೆ ಓಡಾಡುವುದು ಪರದೆಯ ಚಿತ್ರ ಮತ್ತು ಬೆರಳಿನ ಒತ್ತು ಮಾತ್ರ. ಲೈನು ಹೋದರೂ ಕಡತಕ್ಕೆ ಪೆಟ್ಟಿಲ್ಲ. ಕಾಕಾ ಅವರಿಗೆ ಅಜ್ಜನ ಅಂಗಡಿಯ ಯಂತ್ರವೇ ಮುಖ್ಯವಾಯಿತೆಂದು ಸ್ವಲ್ಪ ಬೇಸರ ಬಂದಿರಬೇಕು. ಅದಕ್ಕಾಗಿ ನಕಲಿನ ಡಿಸ್ಕು ಪ್ರತಿ ರಾತ್ರಿ ಬಿಜಾಪುರಕ್ಕೆ ತಾನಾಗಿ ಇಳಿಯುವಂತೆ ಮಾಡಿದೆವು. ಲೆಕ್ಕ ಇಲ್ಲಿ, ಅದರ ಭದ್ರತೆ ಅಲ್ಲಿ. ಒಂದು ಎಚ್ಚರಿಕೆ: ಹೀಗೆ ಪರದೆ ನೋಡುವ ಬಾಗಿಲನ್ನು ವಿಪಿಎನ್ ಒಳಗಷ್ಟೇ ಇಡಬೇಕು. ಇಂಟರ್ನೆಟ್ಟಿಗೆ ನೇರವಾಗಿ ತೆರೆದಿಟ್ಟರೆ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಕಳ್ಳರು ಒಳಗೆ ಬರುವ ದೊಡ್ಡ ದಾರಿಗಳಲ್ಲಿ ಅದೂ ಒಂದು.

ಕಳ್ಳರ ಮಾತು ಬಂದಿತೆಂದು ಒಂದು ದೊಡ್ಡವರ ಕಥೆ. ಅಮೆರಿಕದ ಮ್ಯಾರಿಯಟ್ ಹೋಟೆಲ್ ಕಂಪನಿಯು 2016ರಲ್ಲಿ ಸ್ಟಾರ್‌ವುಡ್ ಎಂಬ ಇನ್ನೊಂದು ಹೋಟೆಲ್ ಕಂಪನಿಯನ್ನು ಕೊಂಡುಕೊಂಡಿತು. ಸ್ಟಾರ್‌ವುಡ್ ಜಾಲದೊಳಗೆ 2014ರಿಂದಲೇ ಕಳ್ಳರು ಸೇರಿಕೊಂಡಿದ್ದರು. ಕೊಂಡವರಿಗೆ ಅದು ತಿಳಿದದ್ದು 2018ರ ಸೆಪ್ಟೆಂಬರಿನಲ್ಲಿ. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿಯ ಪ್ರಕಾರ ಸುಮಾರು 33.9 ಕೋಟಿ ಅತಿಥಿಗಳ ದಾಖಲೆಗಳಿಗೆ ಕೈ ತಗಲಿತ್ತು. 2020ರಲ್ಲಿ ಆ ಕಚೇರಿ 1.84 ಕೋಟಿ ಪೌಂಡ್ ದಂಡ ಹಾಕಿತು. ದಂಡ ಕಟ್ಟಿದವರು ಕೊಂಡವರು.

ನಮ್ಮಲ್ಲಿ ಕೋಟಿ ದಾಖಲೆಗಳಿಲ್ಲ. ಆದರೆ ಬಿಜಾಪುರದ ದಿವಾಣಜಿಯವರ ಮೇಜಿನ ಮೇಲೆ ವಿಂಡೋಸ್ 7 ಇದ್ದ ಒಂದು ಯಂತ್ರವಿತ್ತು. ಅದನ್ನು ತಯಾರಿಸಿದವರೇ 2020ರ ಜನವರಿ 14ಕ್ಕೆ ಅದರ ಕೈಬಿಟ್ಟಿದ್ದರು. ದಿವಾಣಜಿಯವರು ಬಿಡಲು ಸಿದ್ಧರಿರಲಿಲ್ಲ. ಹಳೆಯ ವರ್ಷಗಳ ಲೆಕ್ಕವೆಲ್ಲ ಅದರಲ್ಲಿತ್ತು. ಕೊನೆಗೆ ಜಾಲದ ವಾಯರು ಕಿತ್ತು ಅದನ್ನು ಒಂಟಿಯಾಗಿ ಅಲ್ಲಿಯೇ ಇಟ್ಟೆವು. ಹಳೆಯದನ್ನು ತೆರೆದು ನೋಡಬಹುದು. ಯಾರೊಡನೆಯೂ ಅದು ಮಾತಾಡುವಂತಿಲ್ಲ.

ಹೆಚ್ಚು ಬುದ್ಧಿ ಹೇಳಿದವರು ಕಾಕಿ. ಬಿಜಾಪುರದಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಎರಡಕ್ಕೂ ಒಂದೇ ರೌಟರು. ಜೋಡಣೆಯ ಸುದ್ದಿ ಕೇಳಿ ಅವರು ಇಷ್ಟೇ ಕೇಳಿದರು: "ನಮ್ಮ ಪಡಸಾಲಿ ಕ್ಯಾಮೆರಾ ಜತ್ತದಾಗ ಕಾಣ್ತದೇನು?" ಗಂಡಸರು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಅಳಿಯ ಪರೀಕ್ಷಿಸಿ ನೋಡಿದ. ಕಾಣುತ್ತಿತ್ತು. ಅಂದೇ ಮನೆಯ ಜಾಲವನ್ನೂ ಅಂಗಡಿಯ ಜಾಲವನ್ನೂ ಬೇರೆ ಮಾಡಿ, ಎರಡೂರ ನಡುವೆ ಲೆಕ್ಕದ ಯಂತ್ರದ ಹೊರತು ಉಳಿದೆಲ್ಲ ಬಾಗಿಲುಗಳನ್ನು ಮುಚ್ಚಿದ. ಮೊದಲು ಎಲ್ಲ ತೆರೆದು ಆಮೇಲೆ ಒಂದೊಂದನ್ನೇ ಮುಚ್ಚುವುದಲ್ಲ; ಎಲ್ಲ ಮುಚ್ಚಿಟ್ಟು ಬೇಕಾದದ್ದನ್ನಷ್ಟೇ ತೆರೆಯಬೇಕು. ಸೊಸೆಯಂದಿರಿರುವ ಮನೆಯವರು ಇದನ್ನು ಮೊದಲ ದಿನವೇ ನೋಡಿಕೊಳ್ಳಿರಿ.

ಇಷ್ಟಾದ ಮೇಲೆ ಖಾತೆಗಳನ್ನು ಕೂಡಿಸುವ ಕೆಲಸ. ಜತ್ತದ ದಿವಾಣಜಿ ಮರಾಠಿಯಲ್ಲಿ ಯೋಚಿಸಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರು, ಬಿಜಾಪುರದವರು ಕನ್ನಡದಲ್ಲಿ ಯೋಚಿಸಿ. ಒಬ್ಬನೇ ಪಾಟೀಲರು ಅಲ್ಲಿ ಒಂದು ರೀತಿ, ಇಲ್ಲಿ ಇನ್ನೊಂದು ರೀತಿ. ಒಂದೇ ಹೆಸರಿನ ಬೇರೆ ಪಾಟೀಲರು ಆರು ಮಂದಿ. ಹೆಸರು ನೋಡಿ ಕೂಡಿಸಹೋಗಿ ಮೊದಲ ದಿನವೇ ಒಬ್ಬರ ಜಮೆ ಇನ್ನೊಬ್ಬರ ಬಾಕಿಗೆ ಬಿದ್ದಿತು. ಆಮೇಲೆ ವ್ಯಾಪಾರಿಗಳಿಗೆ ಜಿಎಸ್‌ಟಿ ನಂಬರು, ರೈತರಿಗೆ ಬ್ಯಾಂಕಿನ ಖಾತೆ ನಂಬರು, ಇವೆರಡು ತಾಳೆಯಾದರೆ ಮಾತ್ರ ಕೂಡಿಸಿದೆವು. ಬ್ಯಾಂಕಿನ ವಿವರದಲ್ಲಿಯೂ ಹಳೆಯ ಧೂಳು ಇತ್ತು. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ, ಅದರ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು 2021ರ ಜೂನ್ 30ಕ್ಕೆ ನಿಂತುಹೋದವು. ನಮ್ಮ ಖಾತೆಗಳಲ್ಲಿ ಇನ್ನೂ ಅವೇ ಇದ್ದವು. ಒಳಗೆ ಒಂದೇ ಕಂಪನಿಯ ಸಾಫ್ಟ್‌ವೇರ್ ಇದ್ದ ಆ ಎರಡು ಬ್ಯಾಂಕುಗಳಿಗೇ ಹಳೆಯ ಸಂಕೇತ ಬಿಡಲು ಹದಿನೈದು ತಿಂಗಳು ಬೇಕಾಯಿತೆಂದು ನೆನೆದು ನಾವು ಸಮಾಧಾನ ಮಾಡಿಕೊಂಡೆವು. ಹಳೆಯ ವರ್ಷಗಳ ಪುಸ್ತಕಗಳನ್ನು ಮಾತ್ರ ಕೂಡಿಸಹೋಗಲಿಲ್ಲ; 2023ರ ಮಾರ್ಚ್ 31ರ ಶಿಲ್ಕು ಬಾಕಿಗಳನ್ನಷ್ಟೇ ಹೊಸದಕ್ಕೆ ತಂದೆವು. ಹಳೆಯವು ಎರಡೂ ಕಡೆ ಹಾಗೆಯೇ ಇವೆ, ಇರಲೇಬೇಕು. ವಾರ್ಷಿಕ ರಿಟರ್ನಿನ ಕಡೆಯ ದಿನದಿಂದ 72 ತಿಂಗಳು ಪುಸ್ತಕ ಇಡಬೇಕೆಂದು ಜಿಎಸ್‌ಟಿ ಕಾನೂನೇ ಹೇಳುತ್ತದೆ.

ಆ ಬಾಕಿಗಳ ಯಾದಿ ಮೊದಲ ಸಲ ಒಂದೇ ಪರದೆಯ ಮೇಲೆ ಬಂದ ದಿನ ನಾವು ಜತ್ತದಲ್ಲಿ, ತಮ್ಮ ಬಿಜಾಪುರದಲ್ಲಿ, ಫೋನು ಹಿಡಿದುಕೊಂಡೇ ಒಂದೊಂದು ಹೆಸರು ಓದುತ್ತಲಿದ್ದೆವು. ಬಿಜಾಪುರದಿಂದ ಬಂದ ಬಾಕಿದಾರರ ನಡುವೆ ನಮ್ಮ ತೀರ್ಥರೂಪರ ಹೆಸರಿತ್ತು. 18,450 ರೂಪಾಯಿ. ತಮ್ಮನೂ ಅದೇ ಸಾಲಿಗೆ ಬಂದಿರಬೇಕು. ಎರಡೂ ಕಡೆ ಮಾತು ನಿಂತಿತು. ಆಮೇಲೆ ಅವನು, "ಅಣ್ಣಾ, ನನಗೂ ಗೊತ್ತಿರಲಿಲ್ಲ," ಎಂದ.

ಅದು 1997ರ ಬಾಕಿ ಎಂದು ಅಲ್ಲಿಯ ದಿವಾಣಜಿ ಹೇಳಿದರು. ಆ ವರ್ಷ ಮಿರಜಿನಲ್ಲಿ ಆಯಿಯ ಕಣ್ಣಿನ ಶಸ್ತ್ರಕ್ರಿಯೆ ಆಗಿತ್ತು. ಖರ್ಚು, ಓಡಾಟ, ಮುಂದಿನ ಔಷಧ ಎಲ್ಲ ಕಾಕಾ ಅವರೇ ನೋಡಿಕೊಂಡು, ಅರ್ಧವನ್ನು ಅಣ್ಣನ ಹೆಸರಿಗೆ ಬರೆಸಿದ್ದರು. ಕೇಳಿರಲಿಲ್ಲ. ದಿವಾಣಜಿಯವರು ವರ್ಷ ವರ್ಷವೂ ಅದನ್ನು ಮುಂದಿನ ಪುಸ್ತಕಕ್ಕೆ ಒಯ್ಯುತ್ತ ಬಂದರು. ಪುಸ್ತಕ ಹೋಗಿ ಕಂಪ್ಯೂಟರು ಬಂದಾಗಲೂ ಒಯ್ದರು.

ತೀರ್ಥರೂಪರಿಂದ ಮುಚ್ಚಿಡುವುದು ಸರಿಯೆನಿಸಲಿಲ್ಲ, ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಆ ವರ್ಷ ಜೋಳ ಕಳಿಸಿದ್ನಲ್ಲ. ವರ್ಷದ ಜೋಳ, ಎರಡು ಡಬ್ಬಿ ತುಪ್ಪ. ಅದರಾಗ ಮುಗೀತು ಅಂತ ತಿಳಕೊಂಡಿದ್ದೆ," ಎಂದರು. ಆ ಜೋಳವನ್ನು ಎಲ್ಲಿಯೂ ಬರೆದಿರಲಿಲ್ಲ. ಜತ್ತದ ಕೀರ್ದಿ ತೆಗೆಸಿ ನೋಡಿದೆವು, ಇಲ್ಲ. ಕಾಕಾ ಅವರಿಗೆ ಸಿಟ್ಟು ಬಂದದ್ದು ಅಣ್ಣನ ಮೇಲಲ್ಲ, ದಿವಾಣಜಿಯ ಮೇಲೆ. "ಅದನ್ಯಾಕ ಯಾದ್ಯಾಗ ತಂದ್ರಿ?" ಎಂದು ಅಂಗಡಿಯಲ್ಲಿ ಎಲ್ಲರೆದುರು ಕೂಗಾಡಿದರಂತೆ. "ಬರದದ್ದು ಅಳಸಾಕ ನನಗ ಬರೂದಿಲ್ರಿ ಯಜಮಾನ್ರ," ಎಂದರಂತೆ ದಿವಾಣಜಿ.

ತೀರ್ಥರೂಪರು ಮರುದಿನವೇ 18,450 ರೂಪಾಯಿಯ ಚೆಕ್ಕು ಬರೆದು ಕಳಿಸಿದರು. ಕಾಕಾ ಅದನ್ನು ಬ್ಯಾಂಕಿಗೆ ಹಾಕಲಿಲ್ಲ, ಮರಳಿಯೂ ಕಳಿಸಲಿಲ್ಲ. 2012ರಿಂದ ಚೆಕ್ಕಿನ ಅವಧಿ ಮೂರೇ ತಿಂಗಳು. ಅದು ಡ್ರಾವರಿನಲ್ಲಿಯೇ ಅವಧಿ ಮುಗಿಸಿತು. ಇಬ್ಬರೂ ಈಗ ಒಂದೇ ಫರ್ಮಿನ ಪಾಲುದಾರರಾದ್ದರಿಂದ ಬಂಡವಾಳದ ಖಾತೆಗಳಲ್ಲಿ ಒಂದು ನಮೂದು ಮಾಡಿ ಮುಗಿಸಿಬಿಡಬಹುದೆಂದು ಸಿಎ ಹೇಳುತ್ತಾರೆ. ಪ್ರತಿ ಮಾರ್ಚಿನಲ್ಲಿಯೂ ಕೇಳುತ್ತಾರೆ. "ಇರಲಿ ಬಿಡ್ರಿ," ಎಂದು ಜತ್ತದಿಂದ ಇವರು, ಬಿಜಾಪುರದಿಂದ ಅವರು. ಆ ಸಾಲು ಇನ್ನೂ ಯಾದಿಯಲ್ಲಿದೆ, ಎರಡೂ ಊರಿನ ಪರದೆಯ ಮೇಲೆ ಕಾಣುತ್ತದೆ.

ಸೋಲಾಪುರದ ವಾಚಕರಿಗೆ: ಮೊದಲು ಎರಡೂ ಕಡೆಯ ರೌಟರಿನ ನಂಬರು ನೋಡಿ ಬರೆಯಿರಿ. ತಕ್ಕಡಿಯನ್ನು ಮರೆಯಬೇಡಿ.